ಡಾಕ್ಟ್ರಮ್ಮನಲ್ಲಿ ಕೇಳಿ: ನಾಯಿ ಪಕ್ಕದ ಮನೆಯದ್ದು, ಕಾಲು ನಿಮ್ಮದು

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಶಂಕರಪುರದ ಹತ್ತಿರ. ಮನೆಯ ಹಿಂದೆ ಐವತ್ತು ಮಲ್ಲಿಗೆ ಗಿಡ ಇದೆ. ಮೊನ್ನೆ ಸೋಮವಾರ ಬೆಳಿಗ್ಗೆ ಮೊಗ್ಗು ಕೊಯ್ಯುತ್ತಿದ್ದಾಗ ಪಕ್ಕದ ಮನೆಯ ನಾಯಿ ಬೇಲಿ ನುಸುಳಿ ಬಂದು ಎಡಗಾಲಿನ ಮೀನಖಂಡಕ್ಕೆ ಕಚ್ಚಿತು. ಎರಡು ಹಲ್ಲು ಸರಿಯಾಗಿ ನಾಟಿದೆ, ರಕ್ತವೂ ಬಂತು. ಅತ್ತೆ ಕೂಡಲೇ ಎಲೆಪೆಟ್ಟಿಗೆಯ ಸುಣ್ಣಕ್ಕೆ ಅರಸಿನ ಕಲಸಿ ಹಚ್ಚಿದರು. ಪಕ್ಕದ ಮನೆಯ ಅಕ್ಕ ಓಡಿ ಬಂದು ಅತ್ತೇಬಿಟ್ಟರು. ನಾಯಿಗೆ ಮರಿ ಇರುವಾಗಲೇ ಇಂಜೆಕ್ಷನ್ ಆಗಿದೆ, ಎಂತದ್ದೂ ಆಗುವುದಿಲ್ಲ ಎಂದರು. ನಾವು ಇಪ್ಪತ್ತು ವರ್ಷದಿಂದ ಒಂದೇ ಜಗಲಿಯಲ್ಲಿ ಕೂತು ಹೂ ಕಟ್ಟುವವರು. ಈಗ ನಾನು ಆಸ್ಪತ್ರೆಗೆ ಹೋದರೆ 'ನಿಮ್ಮ ನಾಯಿಗೆ ಹುಚ್ಚು' ಎಂದ ಹಾಗೆ ಆಗುವುದಿಲ್ವಾ? ನಾಯಿಮದ್ದು (ನಾಯಿ ಕಚ್ಚಿದ್ದಕ್ಕೆ ಹಳ್ಳಿಮದ್ದು) ಕೊಡುವವರ ಹತ್ತಿರ ಹೋಗುವ ಎಂದು ಅತ್ತೆ ಹೇಳುತ್ತಿದ್ದಾರೆ. ನಲವತ್ತು ದಿನ ಮೀನು ಬಿಡಬೇಕಂತೆ. ಹೊಕ್ಕುಳಿಗೆ ಹದಿನಾಲ್ಕು ಇಂಜೆಕ್ಷನ್ ಎಂದರೆ ನನಗೂ ಹೆದರಿಕೆ. ಎಂತ ಮಾಡಲಿ?
(ಹೆಸರು ಬೇಡ, ಶಂಕರಪುರ)

ಉತ್ತರ: ಈ ಪತ್ರ ನನ್ನ ಕೈಗೆ ಬಂದದ್ದು ಶನಿವಾರ ಬೆಳಿಗ್ಗೆ. ಕಚ್ಚಿ ಐದು ದಿನ ಆಗಿಹೋಗಿತ್ತು. ಕಾಗದದ ಕೆಳಗೆ ಫೋನ್ ನಂಬರ್ ಬರೆದದ್ದು ನನ್ನ ಪುಣ್ಯ. ಕಾಫಿ ಲೋಟ ಕೆಳಗಿಟ್ಟು ಮೊದಲು ಫೋನ್ ಮಾಡಿದೆ. "ಅಮ್ಮ, ಕೈಯಲ್ಲಿ ಹೂ ಉಂಟು, ಕಟ್ಟಿ ಮುಗಿಸಿ ಮಾತಾಡಲಾ?" ಎಂದರು. ಹೂ ಅಲ್ಲೇ ಬಿಡಿ, ಕಟಪಾಡಿಗೆ ಬಂದು ಉಡುಪಿ ಬಸ್ ಹತ್ತಿ, ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಹೋದರು. ಈಗ ಬರೆಯುತ್ತಿರುವುದು ಅವರ ಒಪ್ಪಿಗೆ ಪಡೆದು, ಅವರಿಗಾಗಿ ಅಲ್ಲ, ಇದೇ ಸಂಕಟದಲ್ಲಿರುವ ಬೇರೆಯವರಿಗಾಗಿ. ನಾಯಿ ಕಚ್ಚಿದ ದಿನ ಪತ್ರಿಕೆಗೆ ಕಾಗದ ಬರೆಯಬೇಡಿ ಮಾರಾಯ್ರೆ. ಅಚ್ಚಾಗಿ ಬರುವಾಗ ತಿಂಗಳು ಕಳೆದಿರುತ್ತದೆ.

ಆ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಗಾಯ ಅಲ್ಲ, ಸುಣ್ಣವೂ ಅಲ್ಲ. 'ನಿಮ್ಮ ನಾಯಿಗೆ ಹುಚ್ಚು ಎಂದ ಹಾಗೆ ಆಗುವುದಿಲ್ವಾ' ಎಂಬ ಆ ಒಂದು ಮಾತು. ಮೂವತ್ತು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದೇನೆ. ಬೀದಿನಾಯಿ ಕಚ್ಚಿದವರು ಓಡೋಡಿ ಬರುತ್ತಾರೆ. ಪಕ್ಕದ ಮನೆಯದ್ದು, ತಮ್ಮದೇ ಮನೆಯದ್ದು ಕಚ್ಚಿದವರು ಬರುವುದು ತಡವಾಗಿ, ಕೆಲವರು ಬರುವುದೇ ಇಲ್ಲ. ದಾಕ್ಷಿಣ್ಯಕ್ಕೆ ಬಸಿರಾದ ಗಾದೆ ನಿಮಗೂ ಗೊತ್ತು, ಪೂರ್ತಿ ಹೇಳುವುದಿಲ್ಲ.

ಒಬ್ಬರನ್ನು ಮರೆಯಲು ಆಗುವುದಿಲ್ಲ. ಮರದ ಕೆಲಸದವರು, ನಲವತ್ತರ ಒಳಗಿನ ಪ್ರಾಯ. ಕೆಲಸಕ್ಕೆ ಹೋದ ಮನೆಯ ನಾಯಿಮರಿ ಬೆರಳಿಗೆ ಕಚ್ಚಿತ್ತು. ಚಿಕ್ಕ ಮರಿ ಅಲ್ವಾ, ಸಾಹುಕಾರರ ಮನೆಯದ್ದು ಬೇರೆ ಎಂದು ಸುಮ್ನೆ ಇದ್ದರು. ಮರಿ ವಾರದೊಳಗೆ ಸತ್ತಿತ್ತು, ಅದನ್ನು ಇವರಿಗೆ ಯಾರೂ ಹೇಳಲಿಲ್ಲ. ಎರಡು ತಿಂಗಳ ಮೇಲೆ ಬೆರಳು ಜುಮುಜುಮು ಎನ್ನುತ್ತದೆ, ಗಂಟಲು ಹಿಡಿದ ಹಾಗೆ ಆಗುತ್ತದೆ ಎಂದು ನನ್ನ ಹತ್ತಿರ ಬಂದರು. ಬಾಯಾರಿಕೆ ಎಂದರು. ಹೆಂಡತಿ ಎಳನೀರಿನ ಬೊಂಡ ಕೆತ್ತಿಸಿ ತಂದರು. ಬೊಂಡ ತುಟಿಯ ಹತ್ತಿರ ಬರುವಾಗಲೇ ಕುತ್ತಿಗೆ ಸೆಟೆದು ಹೋಯಿತು. ಫ್ಯಾನಿನ ಗಾಳಿ ತಾಗಿದರೂ ಹಾಗೆಯೇ. ನಾನು ಹೋಗಿ ಫ್ಯಾನ್ ಆಫ್ ಮಾಡಿದೆ. ಅದಕ್ಕಿಂತ ಜಾಸ್ತಿ ಮಾಡುವಂತದ್ದು ಏನೂ ಇರಲಿಲ್ಲ. ಲಕ್ಷಣ ಶುರುವಾದ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ.

ಹೆದರಿಸಲು ಹೇಳಿದ್ದಲ್ಲ. ಇದೇ ಕಾಯಿಲೆಯಲ್ಲಿ ಒಂದು ದೊಡ್ಡ ಸಮಾಧಾನವೂ ಉಂಟು. ಹೆಚ್ಚಿನ ಲಸಿಕೆಗಳನ್ನು ನಾವು ಮುಂಚೆಯೇ ಹಾಕಿಸಿಕೊಂಡಿರಬೇಕು. ಇದನ್ನು ಕಚ್ಚಿದ ಮೇಲೆ ಹಾಕಿದರೂ ಸಾಕಾಗುತ್ತದೆ. ಯಾಕೆಂದರೆ ನಾಯಿಯ ಜೊಲ್ಲಿನಿಂದ ಒಳಗೆ ಹೋದ ವೈರಸ್ ರಕ್ತದಲ್ಲಿ ಹರಿದು ಹೋಗುವುದಿಲ್ಲ. ನರದ ದಾರಿ ಹಿಡಿದು ನಿಧಾನಕ್ಕೆ ಮಿದುಳಿನ ಕಡೆಗೆ ತೆವಳುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖ, ಕುತ್ತಿಗೆ, ಕೈಬೆರಳಿಗೆ ಕಚ್ಚಿದ್ದರೆ ಬೇಗ, ಕಾಲಿಗಾದರೆ ಸ್ವಲ್ಪ ತಡ. ಅದು ಮಿದುಳು ಮುಟ್ಟುವ ಮೊದಲು ನಮ್ಮ ಲಸಿಕೆ ಕೆಲಸ ಮುಗಿಸಬೇಕು, ಅಷ್ಟೇ ಲೆಕ್ಕ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ತನ್ನ ಲಸಿಕೆಯನ್ನು ಒಂಬತ್ತು ವರ್ಷದ ಹುಡುಗನಿಗೆ ಹಾಕಿಸಿದಾಗ ಅವನಿಗೆ ನಾಯಿ ಕಚ್ಚಿ ಎರಡು ದಿನ ಆಗಿತ್ತು. ಹುಡುಗ ಬದುಕಿದ. ಹಾಗಾಗಿ ಐದು ದಿನ ಕಳೆದ ಮೇಲೆ ಹೋಗಿ ಎಂತ ಪ್ರಯೋಜನ ಎಂದು ಯಾರೂ ಕೂರಬೇಡಿ. ಹದಿನೈದು ದಿನ ಕಳೆದಿದ್ದರೂ ಹೋಗಿ.

ಈಗ ಸುಣ್ಣದ ವಿಷಯ. ಅತ್ತೆಯವರನ್ನು ಬೈಯುವುದಿಲ್ಲ. ನಮ್ಮ ಕಡೆ ಸುಣ್ಣ, ಅರಸಿನ, ಮೆಣಸಿನ ಹುಡಿ, ಕಾಫಿ ಹುಡಿ ಎಲ್ಲ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ಆದರೆ ಅದು ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ಬೇಕಾದದ್ದು ಬಾವಿಕಟ್ಟೆಯಲ್ಲೇ ಇದೆ: ನೀರು ಮತ್ತು ಸಾಬೂನು. ರೇಬೀಸ್ ವೈರಸ್‌ನ ಹೊರಗಿನ ಪದರ ಜಿಡ್ಡಿನದ್ದು. ಸಾಬೂನಿಗೆ ಅದು ಕರಗುತ್ತದೆ, ವೈರಸ್ ಸಾಯುತ್ತದೆ. ಬಟ್ಟೆ ಒಗೆಯುವ ಸಾಬೂನಾದರೂ ಆಗಬಹುದು. ನಳ್ಳಿಯ ಕೆಳಗೆ ಕಾಲು ಹಿಡಿದು, ಇಲ್ಲವೇ ಕೊಡಪಾನದಿಂದ ನೀರು ಹೊಯ್ಯುತ್ತಾ 15 ನಿಮಿಷ ತೊಳೆಯಬೇಕು. 15 ನಿಮಿಷ ಎಂದರೆ ಕುಚ್ಚಲಕ್ಕಿಗೆ ಒಂದು ಕುದಿ ಬರುವಷ್ಟು ಹೊತ್ತು, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಉಜ್ಜಬೇಡಿ, ನೀರು ಹರಿಯಬೇಕು. ಆಮೇಲೆ ಮನೆಯಲ್ಲಿ ಅಯೋಡಿನ್ ಮದ್ದು ಇದ್ದರೆ ಹಚ್ಚಿ. ಬಟ್ಟೆ ಕಟ್ಟಬೇಡಿ. ಹೊಲಿಗೆಯನ್ನೂ ಆದಷ್ಟು ಹಾಕುವುದಿಲ್ಲ, ಹಾಕಲೇಬೇಕಾದರೆ ಸೀರಮ್ (ಗಾಯಕ್ಕೇ ಕೊಡುವ ಇನ್ನೊಂದು ಇಂಜೆಕ್ಷನ್, ಮುಂದೆ ಹೇಳುತ್ತೇನೆ) ಕೊಟ್ಟ ಮೇಲೆಯೇ. ಶಂಕರಪುರದ ಅಕ್ಕನಿಗೆ ಐದನೇ ದಿನವೂ ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಇದನ್ನೇ. ಗಟ್ಟಿಯಾದ ಸುಣ್ಣ ಬಿಡಿಸಿ ತೊಳೆದರಂತೆ. "ಕಚ್ಚಿದ್ದಕ್ಕಿಂತ ಅದೇ ನೋವಾಯಿತು" ಎಂದರು.

ಇನ್ನು ಹೊಕ್ಕುಳ ಸುತ್ತ ಹದಿನಾಲ್ಕು. ಅದು ಸುಳ್ಳಲ್ಲ, ಹಳೆಯ ಕತೆ. ನನಗೇ ಆಗಿದೆ. ನಾನು ಐದನೇ ಕ್ಲಾಸಿನಲ್ಲಿ ಇದ್ದಾಗ ಪಕ್ಕದ ಮನೆಯ ನಾಯಿ ತೊಡೆಗೆ ಕಚ್ಚಿ, ಅಪ್ಪ ದಿನಾ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಹೊಟ್ಟೆಗೆ ಇಂಜೆಕ್ಷನ್ ಹಾಕಿಸಿದರು. ವಾಪಸು ಬರುವಾಗ ದಿನಾ ಒಂದು ಗೋಳಿಬಜೆ ಸಿಗುತ್ತಿತ್ತು, ಅದೊಂದೇ ಸುಖ. ಪಕ್ಕದ ಮನೆಯವರು ನಮ್ಮ ಜತೆ ಎರಡು ವರ್ಷ ಮಾತು ಬಿಟ್ಟರು. ಕಚ್ಚಿಸಿಕೊಂಡವಳು ನಾನು, ಸಿಟ್ಟು ಅವರಿಗೆ! ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಈಗಿನದ್ದು ತೋಳಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರಕ್ಕೆ ಹಾಕುತ್ತಾರೆ. ಎರಡೂ ತೋಳಿಗೆ ಒಂದೊಂದು ಹನಿಯಷ್ಟು, 0.1 ಮಿಲಿ. ಸಣ್ಣ ಗುಳ್ಳೆ ಏಳುತ್ತದೆ, ಕೆಲವು ದಿನ ತುರಿಸಬಹುದು, ಅಷ್ಟೇ. ಹೋದ ದಿನವನ್ನು ಸೊನ್ನೆ ಎಂದು ಲೆಕ್ಕ ಇಡಬೇಕು. ಆಮೇಲೆ 3, 7 ಮತ್ತು 28ನೇ ದಿನ. ಇವರು ಶನಿವಾರ ಹೋದರಲ್ಲ, ಎರಡನೆಯದ್ದು ಮಂಗಳವಾರ, ಮೂರನೆಯದ್ದು ಮುಂದಿನ ಶನಿವಾರ. ನಾಲ್ಕನೆಯದ್ದು ಅದಾಗಿ ಮೂರು ವಾರಕ್ಕೆ. ಜನ ತಪ್ಪಿಸುವುದು ಈ ನಾಲ್ಕನೆಯದ್ದನ್ನೇ. ಗಾಯ ಒಣಗಿರುತ್ತದೆ, ನೆನಪು ಹೋಗಿರುತ್ತದೆ. ಕ್ಯಾಲೆಂಡರಿನಲ್ಲಿ ಸಂಕಷ್ಟಿ, ಏಕಾದಶಿ ನೋಡುವ ಹಾಗೆ ಅದಕ್ಕೂ ಒಂದು ಸುತ್ತು ಹಾಕಿ ಇಡಿ. ಮಾಂಸಖಂಡಕ್ಕೆ ಹಾಕುವ ಕ್ರಮದಲ್ಲಾದರೆ ಐದು ಸಲ: 0, 3, 7, 14, 28. ಎಲ್ಲಿ ಶುರು ಮಾಡಿದಿರೋ ಅಲ್ಲಿಯೇ ಮುಗಿಸುವುದು ಒಳ್ಳೆಯದು. ಪೃಷ್ಠಕ್ಕೆ ಮಾತ್ರ ಹಾಕಿಸಿಕೊಳ್ಳಬೇಡಿ, ಈ ಲಸಿಕೆ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಬಸುರಿ, ಬಾಣಂತಿ, ಕೂಸು, ಎಂಬತ್ತರ ಅಜ್ಜಿ, ಯಾರಿಗೂ ಇದು ನಿಷಿದ್ಧ ಅಲ್ಲ.

ಹಲ್ಲು ನಾಟಿ ರಕ್ತ ಬಂದಿದ್ದರೆ ಬರೀ ಲಸಿಕೆ ಸಾಲದು. ಸೀರಮ್ ಕೂಡ ಬೇಕು. ಇದನ್ನು ಕೇಳಿ ಪಡೆಯಿರಿ, ದಾಕ್ಷಿಣ್ಯ ಇಲ್ಲಿಯೂ ಬೇಡ. ಲಸಿಕೆ ಹಾಕಿದ ಮೇಲೆ ಶರೀರ ತನ್ನದೇ ರಕ್ಷಣೆ ತಯಾರಿಸಲು ವಾರದ ಮೇಲೆ ಬೇಕು. ಆ ಮಧ್ಯದ ದಿನಗಳನ್ನು ಕಾಯುವುದು ಸೀರಮ್. ಅದನ್ನು ತೋಳಿಗಲ್ಲ, ಗಾಯದ ಒಳಗೇ, ಸುತ್ತಲೂ ಕೊಡುತ್ತಾರೆ. ನೋವಾಗುತ್ತದೆ, ಇಲ್ಲ ಎಂದು ಹೇಳಿದರೆ ನಾನು ಸುಳ್ಳಿ. ತೂಕ ನೋಡಿ ಅಳತೆ. ಕುದುರೆಯಿಂದ ತೆಗೆದ ಸೀರಮ್ ಆದರೆ ಕಿಲೋಗೆ 40 ಯೂನಿಟ್, ಮನುಷ್ಯರಿಂದ ತೆಗೆದದ್ದಾದರೆ 20. ಇವರ ತೂಕ 58 ಕಿಲೋ, ಹಾಗಾಗಿ ಕುದುರೆಯದ್ದರಲ್ಲಿ 2,320 ಯೂನಿಟ್‌ವರೆಗೆ. ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಬಸ್ ತಪ್ಪುತ್ತದೆ ಎಂದು ಎದ್ದು ಬರಬೇಡಿ. ಮೊದಲ ದಿನ ಸೀರಮ್ ಸಿಗದೆ ಹೋದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ ಆಗಬೇಕು. ಗಮನಿಸಿ, ಲಸಿಕೆಯಿಂದ ಏಳು ದಿನ, ಕಚ್ಚಿದಲ್ಲಿಂದ ಅಲ್ಲ. ಅದಕ್ಕೇ ಇವರಿಗೆ ತಡವಾದರೂ ಸೀರಮ್ ಸಿಕ್ಕಿತು. ಜತೆಗೆ ಧನುರ್ವಾಯುವಿಗೆ ಒಂದು ಇಂಜೆಕ್ಷನ್. ಇದೆಲ್ಲ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

'ಮರಿ ಇರುವಾಗ ಇಂಜೆಕ್ಷನ್ ಆಗಿದೆ' ಎಂಬ ಮಾತಿಗೆ ಬರೋಣ. ಯಾವ ಇಂಜೆಕ್ಷನ್? ನಾನು ಫೋನಿನಲ್ಲಿ ಕೇಳಿದಾಗ ಪಕ್ಕದ ಮನೆ ಅಕ್ಕ ಪಾಪ ಕಪಾಟು ತಡಕಿ ನಾಯಿಯ ಪುಸ್ತಕ ಹುಡುಕಿ ತೆಗೆದರು. ನಾಲ್ಕು ವರ್ಷದ ಹಿಂದೆ ಹಾಕಿಸಿದ್ದು ವಾಂತಿಭೇದಿಯ ಪಾರ್ವೊ ಲಸಿಕೆ. ರೇಬೀಸ್ ಪುಟ ಖಾಲಿ! ಅವರು ಸುಳ್ಳು ಹೇಳಿದ್ದಲ್ಲ, ಅವರಿಗೆ ಇಂಜೆಕ್ಷನ್ ಎಂದರೆ ಇಂಜೆಕ್ಷನ್. ನಾಯಿಗೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ ಶುರು ಮಾಡಿ, ಆಮೇಲೆ ಪ್ರತಿ ವರ್ಷ ಕೊಡಿಸಬೇಕು. ನಮ್ಮ ಮನೆಯಲ್ಲೂ ಒಬ್ಬ ಕರಿಯ ಇದ್ದಾನೆ. ಅವನಿಗೆ ವರ್ಷ ವರ್ಷ ಆಗುತ್ತದೆ. ಆದರೂ ಅವನು ನಾಳೆ ಯಾರಿಗಾದರೂ ಕಚ್ಚಿದರೆ ನಾನೇ ಅವರನ್ನು ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಪುಸ್ತಕ ನೋಡಿ ಚಿಕಿತ್ಸೆ ಬಿಡುವುದಿಲ್ಲ.

ಹಾಗಾದರೆ ನಾಯಿಯನ್ನು ಎಂತ ಮಾಡುವುದು? ಹೊಡೆಯಬಾರದು, ಕೊಲ್ಲಬಾರದು, ಗೋಣಿಯಲ್ಲಿ ಕಟ್ಟಿ ದೂರ ಬಿಟ್ಟು ಬರಬಾರದು. ಕಟ್ಟಿ ಹಾಕಿ ಅನ್ನ ನೀರು ಕೊಟ್ಟು ಹತ್ತು ದಿನ ನೋಡಬೇಕು. ಈ ಹತ್ತು ಎಲ್ಲಿಂದ ಬಂತು ಎಂದರೆ, ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವುದು ಅದು ಕಾಯಿಲೆ ಬೀಳುವ ಕೆಲವೇ ದಿನ ಮುಂಚೆ. ಬಿದ್ದ ಮೇಲೆ ಅದು ಬೇಗ ಸಾಯುತ್ತದೆ. ಹತ್ತು ದಿನವಾದರೂ ನಾಯಿ ಆರೋಗ್ಯವಾಗಿ ಉಂಡುಕೊಂಡು ಇದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ಅರ್ಥ. ಆಗ ಉಳಿದ ಇಂಜೆಕ್ಷನ್ ಎಷ್ಟು ಬೇಕು ಎಂದು ಡಾಕ್ಟರೇ ಹೇಳುತ್ತಾರೆ. ಆದರೆ ಹತ್ತು ದಿನ ಕಾದು ಆಮೇಲೆ ಆಸ್ಪತ್ರೆಗೆ ಹೋಗುವುದಲ್ಲ. ಎರಡೂ ಒಟ್ಟೊಟ್ಟಿಗೆ. ಇಲ್ಲಿಯೇ ತುಂಬ ಜನ ಎಡವುವುದು. ಇನ್ನೊಂದು, ಹುಚ್ಚು ನಾಯಿ ಎಂದರೆ ಸಿಕ್ಕಿದವರನ್ನೆಲ್ಲ ಕಚ್ಚುತ್ತಾ ಓಡುವುದು ಮಾತ್ರ ಅಲ್ಲ. ಕೆಲವು ಮಂಕಾಗಿ ಮೂಲೆಯಲ್ಲಿ, ಸೌದೆ ಕೊಟ್ಟಿಗೆಯ ಕತ್ತಲೆಯಲ್ಲಿ ಮಲಗುತ್ತವೆ. ದವಡೆ ಜೋತು ಜೊಲ್ಲು ಸುರಿಯುತ್ತದೆ, ಬೊಗಳುವ ಸ್ವರ ಬದಲಾಗುತ್ತದೆ, ಹಿಂಗಾಲು ಎಳೆಯುತ್ತದೆ. ಹಾಗೇನಾದರೂ ಕಂಡರೆ ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ಹೇಳಿ.

ನಾಯಿಮದ್ದು ಮತ್ತು ಮೀನು. ಮದ್ದು ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಹೆಚ್ಚಿನವರು ದುಡ್ಡೂ ಕೇಳುವುದಿಲ್ಲ. ಕಚ್ಚುವ ಸಾಕುನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದಿಲ್ಲ. ಆ ನಾಯಿ ಕಚ್ಚಿದವರು ಮದ್ದು ಕುಡಿದರೂ ಬದುಕುತ್ತಾರೆ, ಮಜ್ಜಿಗೆ ಕುಡಿದರೂ ಬದುಕುತ್ತಾರೆ. ಹೆಸರು ಮದ್ದಿಗೆ ಬರುತ್ತದೆ. ಪಥ್ಯ ಏನೂ ಬೇಡ. ಬಂಗುಡೆ ಗಸಿ ಮಾಡಿ ಉಣ್ಣಿ ಎಂದು ನಾನು ಹೇಳಿದಾಗ ಮಾತ್ರ ಅತ್ತೆಯವರು ಫೋನ್ ಕೈಗೆ ತೆಗೆದುಕೊಂಡು, "ನಂಜು ಏರುವುದಿಲ್ವಾ ಅಮ್ಮ?" ಎಂದರು. ಏರುವುದಿಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಕೊನೆಗೆ ಪಕ್ಕದ ಮನೆ ಅಕ್ಕ. ಅವರ ಹತ್ತಿರ ಮಾತಾಡುವುದು ಹೇಗೆ? ನಾಯಿಯ ಮೇಲೆ ಅನುಮಾನ ಎನ್ನಬೇಡಿ. 'ಡಾಕ್ಟ್ರು ಹತ್ತು ದಿನ ಕಟ್ಟಿ ಹಾಕಿ ನೋಡಲು ಹೇಳಿದ್ದಾರೆ, ದಿನಾ ಸಂಜೆ ಒಮ್ಮೆ ತಿಳಿಸಿ ಅಕ್ಕ' ಎನ್ನಿ. ತಪ್ಪೆಲ್ಲ ನನ್ನ ತಲೆಗೆ ಹಾಕಿ, ನನಗೆ ಅಭ್ಯಾಸ ಇದೆ. ಶಂಕರಪುರದ ಅಕ್ಕ ಹಾಗೆಯೇ ಮಾಡಿದರಂತೆ. ಕಚ್ಚಿದ ಹತ್ತನೆಯ ದಿನ, ಗುರುವಾರ, ಫೋನ್ ಬಂತು. ಬೇಲಿಯ ಆಚೆಯಿಂದ ಬೊಗಳುವುದು ನನಗೂ ಕೇಳಿಸಿತು. ಎರಡನೆಯ ಇಂಜೆಕ್ಷನ್ನಿಗೆ ಹೋಗುವಾಗ ಬಸ್ಸಿನಲ್ಲಿ ಜತೆಗೆ ಬಂದದ್ದು ಪಕ್ಕದ ಮನೆ ಅಕ್ಕನೇ ಅಂತೆ. ಆ ದಿನ ಇಬ್ಬರ ಹೂವನ್ನೂ ಕಟ್ಟಿದ್ದು ಅತ್ತೆ.

ಪ್ರಶ್ನೆ: ನಮ್ಮದು ಮಂಗಳೂರಿನ ಬಿಜೈಯಲ್ಲಿ ಫ್ಲಾಟ್. ಲಿಫ್ಟಿನಲ್ಲಿ ಕೆಳಗಿನ ಮನೆಯವರ ನಾಯಿ ಮಗನ ಕೈಗೆ ಬಾಯಿ ಹಾಕಿತು. ಗೀರು ಬಿದ್ದಿದೆ, ರಕ್ತ ಇಲ್ಲ. ಮಗನಿಗೆ ಎರಡು ವರ್ಷದ ಹಿಂದೆ ಬೆಕ್ಕು ಪರಚಿದಾಗ ಪೂರ್ತಿ ಕೋರ್ಸ್ ಆಗಿದೆ. ಪುನಃ ಬೇಕಾ? ಅವರು 'ಆಟಕ್ಕೆ ಕಚ್ಚಿದ್ದು' ಎಂದು ನಗುತ್ತಾರೆ. ದೂರು ಕೊಡಬಹುದಾ?

ಉತ್ತರ: ಆಟಕ್ಕೆ ಕಚ್ಚಿದರೂ ಹಲ್ಲು ಅದೇ ಹಲ್ಲು. ಮೊದಲು ತೊಳೆಯಿರಿ, ಮೇಲೆ ಬರೆದ ಹಾಗೆ. ರಕ್ತ ಬಾರದ ಗೀರಿಗೂ ಲಸಿಕೆ ಬೇಕು, ಸೀರಮ್ ಬೇಡ. ಗಾಯವಿಲ್ಲದ ಚರ್ಮವನ್ನು ಬರೀ ನೆಕ್ಕಿದ್ದಾದರೆ ತೊಳೆದರೆ ಸಾಕು. ನಿಮ್ಮ ಮಗನಿಗೆ ಹಿಂದಿನ ಕೋರ್ಸ್ ಪೂರ್ತಿ ಆಗಿದ್ದರೆ ಈಗ ಎರಡೇ ಸಲ: ಇಂದು, ಮತ್ತೆ ಮೂರನೇ ದಿನ. ಹಳೆಯ ಚೀಟಿ ತೆಗೆದುಕೊಂಡು ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ಹೋಗಿ. ಚೀಟಿ ಕಳೆದುಹೋಗಿದ್ದರೆ ಪೂರ್ತಿ ಕೋರ್ಸ್ ಮಾಡಬೇಕಾದೀತು. ಈ ಸಲ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ.

ಕಾನೂನು ನನ್ನ ಕ್ಷೇತ್ರ ಅಲ್ಲ, ಆದರೂ ಇಷ್ಟು ಹೇಳಬಲ್ಲೆ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಉದಾಸೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಅಪರಾಧ. ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿಯಲ್ಲಿ ದಂಡ 1,000 ಇತ್ತು. ಠಾಣೆಗೆ ಹೋಗುವ ಮೊದಲು ಫ್ಲಾಟಿನ ಅಸೋಸಿಯೇಶನ್‌ಗೆ ಕಾಗದದಲ್ಲಿ ಬರೆದುಕೊಡಿ. ಲಿಫ್ಟಿನಲ್ಲಿ ಹಗ್ಗ ಗಿಡ್ಡ ಹಿಡಿಯಲಿ, ಬಾಯಿಕುಕ್ಕೆ ಹಾಕಲಿ. ನಗುವುದು ಕಡಿಮೆ ಆಗುತ್ತದೆ.

ಪ್ರಶ್ನೆ: ಹಟ್ಟಿಗೆ ನುಗ್ಗಿದ ನಾಯಿ ನಮ್ಮ ದನಕ್ಕೆ ಕಚ್ಚಿದೆ. ಹಾಲು ಕುಡಿಯಬಹುದಾ? ಎರಡು ದಿನ ಕುಡಿದಾಗಿದೆ. (ಬ್ರಹ್ಮಾವರದ ಓದುಗರು)

ಉತ್ತರ: ಕಾಯಿಸಿ ಕುಡಿದಿದ್ದರೆ ಹೆದರಬೇಡಿ, ಕುದಿಯುವ ಶಾಖಕ್ಕೆ ಈ ವೈರಸ್ ಉಳಿಯುವುದಿಲ್ಲ. ಹಸಿ ಹಾಲು ಬೇಡ. ದನದ ಗಾಯವನ್ನೂ ಸಾಬೂನಿನಲ್ಲಿ ತೊಳೆಯಿರಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು. ಕಚ್ಚಿದ ಮೇಲೆ ದನಕ್ಕೂ ಕೊಡುವ ಲಸಿಕೆ ಇದೆ. ಇವತ್ತೇ ಪಶುವೈದ್ಯರಿಗೆ ಹೇಳಿ.

ಒಂದು ಎಚ್ಚರಿಕೆ. ಮುಂದಿನ ತಿಂಗಳುಗಳಲ್ಲಿ ದನ ಹುಲ್ಲು ಬಿಟ್ಟು, ಜೊಲ್ಲು ಸುರಿಸಿ, ವಿಚಿತ್ರ ಸ್ವರದಲ್ಲಿ ಕೂಗಲು ಶುರು ಮಾಡಿದರೆ 'ಗಂಟಲಲ್ಲಿ ಮಾವಿನ ಗೊರಟು ಸಿಕ್ಕಿರಬೇಕು' ಎಂದು ಬಾಯಿಗೆ ಕೈ ಹಾಕಬೇಡಿ. ನಮ್ಮ ಹಳ್ಳಿಗಳಲ್ಲಿ ಮೊದಲು ಮಾಡುವ ಕೆಲಸವೇ ಅದು. ಹಾಕಿ ಆಗಿದ್ದರೆ, ಎಷ್ಟು ಜನ ಹಾಕಿದ್ದೀರೋ ಅಷ್ಟೂ ಜನ ಸಾಬೂನಿನಲ್ಲಿ ಕೈ ತೊಳೆದು ಒಟ್ಟಿಗೇ ಆಸ್ಪತ್ರೆಗೆ ಹೊರಡಿ.